ಒಡೆದ ಪೈಪು, ನಿಂತ ಹಡಗು

ನಮ್ಮ ದೊಡ್ಡಪ್ಪ ಮಹಾಯುದ್ಧದಲ್ಲಿದ್ದರು, ಆದರೆ ಯುದ್ಧವನ್ನು ಕಣ್ಣಾರೆ ಕಾಣಲಿಲ್ಲ. ಹಡಗಿನ ತಳದಲ್ಲಿ, ನೀರಿನ ಮಟ್ಟಕ್ಕಿಂತ ಕೆಳಗೆ, ಬಾಯ್ಲರಿಗೆ ಕಲ್ಲಿದ್ದಲು ಹಾಕುವ ಕೆಲಸ ಅವರದು. ಅಲ್ಲಿ ಕಿಟಕಿಯೇ ಇರಲಿಲ್ಲ. ಯುದ್ಧ ಮುಗಿಯಿತೆಂದು ಯಾರೋ ಏಣಿಯ ಮೇಲಿಂದ ಕೂಗಿ ಹೇಳಿದ್ದರು. ಕೆಲ ವರ್ಷಗಳ ಮೇಲೆ ದೊರೆಯ ಬಾವುಟ ಇಳಿದು ದೇಶದ ಬಾವುಟ ಏರಿದ ಸುದ್ದಿಯೂ ಅದೇ ಏಣಿ ಇಳಿದು ಬಂತು. ಆಗಲೂ ಅವರ ಕೈಯಲ್ಲಿ ಸಲಿಕೆ.

ನೌಕಾಪಡೆ ಬಿಟ್ಟ ಮೇಲೆ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕಡೆ ಬಾಯ್ಲರ್ ನೋಡಿಕೊಳ್ಳುತ್ತಿದ್ದರು. ಯುದ್ಧದ ಕಥೆ ಹೇಳಿ ಎಂದು ನಾವು ದುಂಬಾಲು ಬಿದ್ದರೆ, "ಸೆಖೆ ಇತ್ತು ಕಣ್ರೋ" ಎನ್ನುವಲ್ಲಿಗೆ ಕಥೆ ಮುಗಿಯುತ್ತಿತ್ತು. ಆದರೆ ಶತ್ರುವಿನ ಹಡಗಿನೊಡನೆ ಕದನ ನಡೆದ ಆ ಒಂದು ದಿನ ತಲೆಯ ಮೇಲೆ ಏನು ನಡೆದಿರಬಹುದೆಂಬ ಕುತೂಹಲ ಅವರನ್ನು ಒಳಗೊಳಗೇ ಕೊರೆಯುತ್ತಿತ್ತು.

ಎಷ್ಟೋ ವರ್ಷಗಳ ಮೇಲೆ ಬಂದರಿನಲ್ಲಿ ಹಳೆಯ ನಾವಿಕರನ್ನೆಲ್ಲ ಸೇರಿಸಿದರು. ಅವರದೇ ಹಡಗಿನಲ್ಲಿ ಫಿರಂಗಿ ಹಾರಿಸುತ್ತಿದ್ದ, 'ಢಮಾರ್' ಎಂಬ ಅಡ್ಡಹೆಸರಿನವರು ಅಲ್ಲಿ ಸಿಕ್ಕರು. ಈಗ ಗಡಿಯಾರ ರಿಪೇರಿ ಮಾಡುತ್ತಿದ್ದರು, ಕಿವಿ ಮಂದ. ದೊಡ್ಡಪ್ಪ ಪಕ್ಕದ ಕುರ್ಚಿ ಹಿಡಿದು, ಆ ಕದನದ ದಿನದ್ದನ್ನೆಲ್ಲ ಕೆದಕಿ ಕೆದಕಿ ಕೇಳಿದರು. ಶತ್ರುವಿನ ಹಡಗು ಮುಳುಗಿತು, ನೀರಿನ ತುಂಬ ಜನ ಒದ್ದಾಡುತ್ತಿದ್ದರು, ನಮ್ಮ ಕ್ಯಾಪ್ಟನ್ ಹಡಗು ನಿಲ್ಲಿಸಿ ಅವರನ್ನು ಎತ್ತಿಸಿದರು, ಎಂಥ ದೊಡ್ಡ ಮನಸ್ಸು ಎಂದರು ಢಮಾರ್. ಪತ್ರಿಕೆಗಳೂ ಆಗ ಹಾಗೆಯೇ ಬರೆದಿದ್ದವು.

"ಕ್ಯಾಪ್ಟನ್ ನಿಲ್ಲಿಸ್ಲಿಲ್ಲ ಕಣಯ್ಯ," ಎಂದರು ದೊಡ್ಡಪ್ಪ. "ಉಗಿ ಪೈಪು ಒಡೀತು. ಮೇಲಿಂದ ಇನ್ನೂ ಜೋರು, ಇನ್ನೂ ಜೋರು ಅಂತ ಗಂಟೆ ಬಾರಿಸ್ತಾನೇ ಇದ್ರು."

ಢಮಾರ್ ಕಿವಿಗೆ ಕೈ ಒಡ್ಡಿ ಇನ್ನೊಮ್ಮೆ ಹೇಳಿಸಿದರು. ಆಮೇಲೆ, "ನೀರಲ್ಲಿದ್ದೋರಿಗೆ ಹಗ್ಗ ಇಳಿಬಿಟ್ಟಿದ್ದು ಮಾತ್ರ ನಾವೇ. ಯಾರೂ ಹೇಳಿರ್ಲಿಲ್ಲ," ಎಂದರು.

ಮನೆಗೆ ಬಂದು, ಪೈಪು ಒಡೆದದ್ದರಿಂದಲೇ ಅಷ್ಟು ಜನ ಬದುಕಿದರೆಂದು ದೊಡ್ಡಮ್ಮನಿಗೆ ಹೇಳಿದಾಗ ದೊಡ್ಡಪ್ಪನ ಮುಖ ಅರಳಿತ್ತು. ಪೈಪು ಸರಿ ಮಾಡಿದವರು ಯಾರೆಂದು ಆಕೆ ಕೇಳಿದರು. ತಾನೇ, ಬೇಗ ಮುಗಿಸಿದ್ದಕ್ಕೆ ಶಹಬ್ಬಾಸ್‌ಗಿರಿಯೂ ಸಿಕ್ಕಿತ್ತು ಎಂದರು ದೊಡ್ಡಪ್ಪ.

ದೊಡ್ಡಮ್ಮ ಹೊದಿಕೆ ಮಡಿಸುತ್ತಿದ್ದವರು ಕೈ ನಿಲ್ಲಿಸಿದರು. "ಹಾಗಾದ್ರೆ ಹಡಗು ಹೊರಟಾಗ ನೀರಲ್ಲಿ ಇನ್ನೂ ಜನ ಇದ್ರಾ?"

ದೊಡ್ಡಪ್ಪನಿಗೆ ಅದು ಗೊತ್ತಿರಲಿಲ್ಲ. ಬೆಳಗಾದದ್ದೇ ಬಸ್ಸು ಹಿಡಿದು ಢಮಾರ್ ಅವರ ಗಡಿಯಾರದ ಅಂಗಡಿಗೆ ಹೋದರು. ಇದ್ದರು ಎಂದರು ಢಮಾರ್, ತಲೆ ಎತ್ತದೆ. ಶತ್ರುವಿನ ಇನ್ನೊಂದು ಹಡಗು ದೂರದಲ್ಲಿ ಕಾಣಿಸಿತ್ತು, ಅಲ್ಲೇ ನಿಂತಿದ್ದರೆ ನಮ್ಮ ಕಥೆಯೂ ಮುಗಿಯುತ್ತಿತ್ತು. ಆ ಹಡಗು ತನ್ನವರನ್ನು ಎತ್ತಿಕೊಂಡಿತೋ ಇಲ್ಲವೋ, ಅವರಿಗೂ ಗೊತ್ತಿರಲಿಲ್ಲ.

ಮುಂದಿನ ಸಲ ಬಂದರಿನವರು ಅಂದಿನ ಶತ್ರುದೇಶದ ನಾವಿಕರನ್ನೂ ಕರೆದರು. ಕೋಲೂರಿಕೊಂಡು ಬಂದ ಮುದುಕರೊಬ್ಬರು ಅಂದು ನಮ್ಮ ಹಡಗು ಹೊರಟ ಮೇಲೂ ನೀರಿನಲ್ಲೇ ಉಳಿದಿದ್ದವರು. ಆ ಇನ್ನೊಂದು ಹಡಗು ಅವರನ್ನು ಎತ್ತಿಕೊಂಡಿತೇ ಎಂದು ದೊಡ್ಡಪ್ಪ ದುಭಾಷಿಯ ಮೂಲಕ ಕೇಳಿದರು. ಎತ್ತಿಕೊಂಡರು, ಎಲ್ಲರನ್ನೂ ಅಲ್ಲ ಎಂದರು ಅವರು. ತನ್ನನ್ನು ನಡುಕ ನಿಲ್ಲುವವರೆಗೆ ಬಾಯ್ಲರ್ ಪಕ್ಕ ಕೂರಿಸಿದ್ದರಂತೆ.

ಅದು ಯಾವ ಬಗೆಯ ಬಾಯ್ಲರ್ ಎಂದು ದೊಡ್ಡಪ್ಪ ಕೇಳಿದರು. ದುಭಾಷಿ ಊಟಕ್ಕೆ ಎದ್ದುಹೋದ ಮೇಲೂ ಇಬ್ಬರೂ ಕೈಸನ್ನೆಯಲ್ಲೇ ಮಾತು ಮುಂದುವರಿಸಿದರು.