ಮದುಮಗನಿಲ್ಲದ ಮದುವೆ

ಮದುವೆ ಮನೆಗೆ ಹೋದ ಫೋಟೋಗ್ರಾಫರ್‌ಗೆ ಎಲ್ಲರೂ ನೆಂಟರೇ. ಚೀಲದಿಂದ ಕ್ಯಾಮೆರಾ ಹೊರಬಿದ್ದರೆ ಸಾಕು, ಹುಡುಗನ ಸೋದರಮಾವ ಮೀಸೆ ತೀಡುತ್ತ ಬಂದು ನಿಲ್ಲುತ್ತಾನೆ, ಹುಡುಗಿಯ ಚಿಕ್ಕಮ್ಮ ಸೆರಗು ಸರಿಮಾಡಿಕೊಳ್ಳುತ್ತಾಳೆ, ಪಂಕ್ತಿಯಲ್ಲಿ ಕೂತವರು ಬಾಯಲ್ಲಿ ಹೋಳಿಗೆ ಇಟ್ಟುಕೊಂಡೇ ಹಲ್ಲು ಕಿರಿಯುತ್ತಾರೆ. ಎಲ್ಲರಿಗೂ ರೀಲು ಸುಡುತ್ತ ಹೋಗಿದ್ದರೆ ನಾನು ಎಂದೋ ಅಂಗಡಿ ಮುಚ್ಚಬೇಕಿತ್ತು. ಪೀಡಿಸಿದವರಿಗೆ ಬರೀ ಫ್ಲ್ಯಾಷ್ ಹೊಡೆದು, ಬಹಳ ಛಲೋ ಬಂತು ಎಂದು ಹೇಳಿ ಕಳಿಸುತ್ತಿದ್ದೆ. ಈ ವಿದ್ಯೆಯಲ್ಲಿ ಕೂಡ್ಲಿಗಿಯಿಂದ ಹಡಗಲಿವರೆಗೆ ನನ್ನನ್ನು ಮೀರಿಸುವವರಿರಲಿಲ್ಲ.

ತೊಂಬತ್ತರ ದಶಕದ ನಡುವಿನ ಮಾತು. ಹರಪನಹಳ್ಳಿಯಲ್ಲಿ ನನ್ನದೊಂದು ಸ್ಟುಡಿಯೋ ಇತ್ತು. ಹಿಂದಿನ ಪರದೆಯ ಮೇಲೆ ಒಂದು ಕೊಳ, ಕೊಳದಲ್ಲಿ ಕೊಕ್ಕರೆಯಂತೆ ಕಾಣುವ ಹಂಸ. ಮದುವೆ ಕಾಲ ಬಂತೆಂದರೆ ಸ್ಕೂಟರ್ ಹತ್ತಿ ಊರೂರು ಅಲೆಯುತ್ತಿದ್ದೆ. ಒಮ್ಮೆ ಮಾಗಳದಲ್ಲಿ ಮದುಮಕ್ಕಳನ್ನು ಹೊಳೆದಂಡೆಗೆ ಕರೆದೊಯ್ದು ನಾಲ್ಕು ಫೋಟೋ ಹೊಡೆದಿದ್ದೆ. ಆ ಆಲ್ಬಮ್ ಎಷ್ಟು ಮನೆ ಸುತ್ತಿತೋ ಏನೋ, ಆಮೇಲೆ ಪ್ರತಿ ಮದುವೆಯಲ್ಲೂ 'ಔಟ್‌ಡೋರ್' ಬೇಕೆಂದು ಹಟ ಶುರುವಾಯಿತು. ಹೊಳೆ ಇಲ್ಲದ ಊರಲ್ಲಿ ಎಲ್ಲಿಂದ ತರಲಿ? ಜೋಳದ ಹೊಲದ ಬದುವಿನಲ್ಲಿ ನಿಲ್ಲಿಸಿ ಕೈಗೊಂದು ಹೂ ಕೊಡುತ್ತಿದ್ದೆ.

ಒಂದು ಮಧ್ಯಾಹ್ನ ಒಬ್ಬ ಹೆಂಗಸು ಸ್ಟುಡಿಯೋಗೆ ಬಂದಳು. ಬಂದಳು ಅನ್ನುವುದಕ್ಕಿಂತ ಮೆಟ್ಟಿಲ ಕೆಳಗೇ ನಿಂತಳು ಅನ್ನಬೇಕು. ತೆಳ್ಳಗಿನ ಮೈ, ಕಣ್ಣ ಕೆಳಗೆ ಕಪ್ಪು. ನಮ್ಮ ತಾಲೂಕಿನ ಅರಸೀಕೆರೆಯಿಂದ ಒಳಗಿರುವ ಹಳ್ಳಿಯ ಹೆಸರು ಹೇಳಿ, ತನ್ನ ಮಗಳ ಕಾರ್ಯ ಇದೆ, ಹೊತ್ತೇರುವ ಮುಂಚೆಯೇ ಬಂದುಬಿಡಬೇಕು ಎಂದಳು. ಹುಡುಗನದು ಯಾವ ಊರು ಎಂದು ಕೇಳಿದೆ. ಅದನ್ನು ಬಿಟ್ಟು, ನಿಮ್ಮ ದೀಪ ಕತ್ತಲ ಕೋಣೆಯಲ್ಲೂ ಎಲ್ಲರ ಮುಖ ಬೀಳುವಂತೆ ಹೊಡೆಯುತ್ತದೆಯೇ ಎಂದು ಕೇಳಿದಳು. ನನ್ನ ಫ್ಲ್ಯಾಷ್ ಬಗ್ಗೆ ಯಾರಾದರೂ ಕೇಳಿದರೆ ನಾನು ಉಬ್ಬಿಹೋಗುವವನು. ಅಲ್ಲೇ ಒಂದು ಸಲ ಹೊಡೆದು ತೋರಿಸಿದೆ. ಬೆಚ್ಚಿಬಿದ್ದಳು, ಆಮೇಲೆ ಸಮಾಧಾನವಾದವಳಂತೆ ತಲೆಯಾಡಿಸಿ ಹೋದಳು.

ಹೇಳಿದ ದಿನ ಹೋದೆ. ಊರೊಳಗೆ ಮೈಕಿನ ಸದ್ದಿಲ್ಲ. ಮನೆ ಮುಂದೆ ಚಪ್ಪರವಿಲ್ಲ, ಒಲೆ ಹೂಡಿಲ್ಲ, ಅಡುಗೆಯ ವಾಸನೆಯೂ ಇಲ್ಲ. ಬೆಳ್ಳಂಬೆಳಗ್ಗೆ ಮದುವೆ ಮನೆಯ ಬಾಗಿಲು ಮುಚ್ಚಿರುವುದನ್ನು ನಾನು ಅದೇ ಮೊದಲು ನೋಡಿದ್ದು. ದಿನ ತಪ್ಪಿ ಬಂದೆನೇನೋ ಎಂದುಕೊಂಡು ಬಾಗಿಲು ತಟ್ಟಿದೆ. ಒಬ್ಬ ಮುದುಕಿ ಅರ್ಧ ತೆರೆದು, ಮೊದಲು ಕ್ಯಾಮೆರಾ ಚೀಲ ನೋಡಿ ಆಮೇಲೆ ನನ್ನ ಮುಖ ನೋಡಿದಳು. ನೀನು ಯಾರು, ಯಾರು ಕರೆದರು ಎಂದು ಕೇಳಿದಳು. ಹಿಂದಿನಿಂದ ಆ ಹೆಂಗಸು ಬಂದು, ತಾನೇ ಕರೆದದ್ದು, ಒಬ್ಬಳೇ ಮಗಳು, ಒಂದು ಫೋಟೋ ಇರಲಿ ಅಂತ ಆಸೆ ಎಂದಳು. ಮುದುಕಿ ಅವಳ ತಾಯಿ ಎಂದು ಆಗ ಗೊತ್ತಾಯಿತು. ತಾಯಿ ಮಗಳು ಒಬ್ಬರನ್ನೊಬ್ಬರು ನೋಡಿಕೊಂಡ ರೀತಿಗೆ ನನಗೆ ಅಲ್ಲಿಂದಲೇ ಸ್ಕೂಟರ್ ತಿರುಗಿಸಬೇಕು ಅನ್ನಿಸಿತು.

ಒಳಗೆ ಕತ್ತಲು. ಕಂಬಳಿಯ ಮೇಲೆ ಅಕ್ಕಿ ಹರವಿ ಕಳಸ ಇಟ್ಟಿದ್ದರು. ಪಕ್ಕದ ತಟ್ಟೆಯಲ್ಲಿ ಕೆಂಪು ಮತ್ತು ಬಿಳಿ ಮಣಿಗಳ ಸರ. ನಾಲ್ಕೈದು ಮಂದಿ ಗೋಡೆಗೆ ಒರಗಿ ಕೂತಿದ್ದರು. ಮಂಚದ ಮೇಲೆ ಒಬ್ಬ ದಪ್ಪನೆಯ ಮನುಷ್ಯ, ಬಿಳಿ ಅಂಗಿ, ಬೆರಳಿಗೆ ಉಂಗುರ, ಆ ಮನೆಗೆ ಸೇರಿದವನಲ್ಲ ಎಂದು ನೋಡಿದರೇ ತಿಳಿಯುತ್ತಿತ್ತು. ಎಲ್ಲರೂ ಅವನ ಮುಖ ನೋಡಿ ಉಸಿರಾಡುವಂತಿತ್ತು. ಕಳಸದ ಮುಂದೆ ಹುಡುಗಿ. ಹನ್ನೆರಡೋ ಹದಿಮೂರೋ ವರ್ಷ ಇರಬೇಕು. ಹಸಿರು ಸೀರೆ ಅವಳನ್ನೇ ನುಂಗಿಬಿಟ್ಟಿತ್ತು. ಹಣೆಗೆ ಬಾಸಿಂಗ, ಕೈತುಂಬ ಬಳೆ, ಎಲ್ಲ ಮದುಮಗಳದ್ದೇ. ಅದು ಮದುವೆಯ ವಯಸ್ಸಲ್ಲ. ಆದರೆ ಆ ಕಾಲದಲ್ಲಿ ಅಂಥ ಮದುವೆಗಳನ್ನೂ ನೋಡಿದ್ದೆನಲ್ಲ, ಹುಡುಗನನ್ನು ಕರೆಯಿರಿ, ಜೋಡಿ ಫೋಟೋ ಮೊದಲು ಆಗಲಿ ಎಂದೆ.

ಒಬ್ಬಳು ಬಾಯಿಗೆ ಸೆರಗು ಒತ್ತಿಕೊಂಡಳು.

ಅಭ್ಯಾಸಬಲದಿಂದ ಕ್ಯಾಮೆರಾ ಎತ್ತಿದೆ. ನನ್ನ ಇಷ್ಟು ವರ್ಷದ ಕಸುಬಿನಲ್ಲಿ ಕ್ಯಾಮೆರಾ ಎತ್ತಿದಾಗ ಜನ ಮುಂದೆ ನುಗ್ಗಿದ್ದನ್ನು ನೋಡಿದ್ದೆನೇ ಹೊರತು ಹಿಂದೆ ಸರಿದದ್ದನ್ನಲ್ಲ. ಇಲ್ಲಿ ಸರಿದರು. ಗೋಡೆಗೆ ಒರಗಿದ್ದವರು ಮುಖ ತಿರುಗಿಸಿದರು. ಮಂಚದ ಮೇಲಿದ್ದವನು ಟವೆಲ್ಲಿನಿಂದ ಮುಖ ಒರೆಸುವವನಂತೆ ಮಾಡಿ ಮುಚ್ಚಿಕೊಂಡ. ನಾನು ಒತ್ತಿಬಿಟ್ಟೆ, ಕೋಣೆಯೆಲ್ಲ ಬೆಳ್ಳಗಾಯಿತು. ಆ ಬೆಳಕಿನಲ್ಲಿ ಮಣಿಸರ, ಅಕ್ಕಿ, ಟವೆಲ್ಲು ಎಲ್ಲ ಒಟ್ಟಿಗೆ ಕಣ್ಣಿಗೆ ಬಿದ್ದು ನನಗೆ ಎಲ್ಲ ತಿಳಿದುಹೋಯಿತು. ಇದು ಮುತ್ತು ಕಟ್ಟುವ ಕಾರ್ಯ. ಹುಡುಗಿಯನ್ನು ದೇವರಿಗೆ ಮದುವೆ ಮಾಡಿಸಿ ದೇವದಾಸಿ ಮಾಡುತ್ತಾರೆ. ಆಮೇಲೆ ಆಕೆಗೆ ಗಂಡನಿಲ್ಲ, ಮಂಚದ ಮೇಲೆ ಕೂತವನಂಥ ಊರಿನ ಉಳ್ಳವರು ಹೇಳಿದಂತೆ ಬದುಕಬೇಕು. ಕಾನೂನು ಬಂದು ನಿಂತುಹೋಯಿತು ಎಂದು ಪೇಟೆಯಲ್ಲಿ ಕೂತು ನಾವು ಮಾತಾಡಿಕೊಳ್ಳುತ್ತಿದ್ದೆವು. ನಿಂತಿರಲಿಲ್ಲ, ಬಾಗಿಲು ಹಾಕಿಕೊಂಡಿತ್ತು ಅಷ್ಟೇ.

ಮಂಚದವನು ಟವೆಲ್ಲು ಇಳಿಸಿದ.

"ಆ ರೀಲ್ ಇಲ್ಲಿ ಇಟ್ಟು ಹೋಗ್ರಿ," ಎಂದ. ದನಿ ಎತ್ತಲಿಲ್ಲ. ಎತ್ತಿದ್ದರೆ ನನಗೆ ಅಷ್ಟು ಹೆದರಿಕೆಯಾಗುತ್ತಿರಲಿಲ್ಲ.

ನನಗೆ ಸಿಟ್ಟು ಬೇಗ ಬರುತ್ತದೆ, ಮನೆಯವರು ಅದಕ್ಕೆ ದಿನಾ ಬೈಯುತ್ತಾರೆ. ಆವತ್ತು ಹೆದರಿಕೆಯ ಮೇಲೇ ಸಿಟ್ಟು ಬಂತು. ರೀಲು ಅರ್ಧದಲ್ಲಿ ತೆಗೆದರೆ ಹಿಂದಿನ ಮದುವೆಯ ಫೋಟೋಗಳೂ ಸುಟ್ಟುಹೋಗುತ್ತವೆ, ಆ ಮದುವೆಯವರು ಪೊಲೀಸರ ಮನೆಯವರು ಎಂದು ಒಂದು ಸುಳ್ಳು ಬಿಟ್ಟೆ. ಪೊಲೀಸ್ ಎಂಬ ಮಾತಿಗೆ ಗೋಡೆಯ ಹತ್ತಿರ ಕೂತವರಲ್ಲಿ ಒಬ್ಬ ಎದ್ದು ಹೊರಗೆ ಹೋದ. ಪೂಜೆಗೆ ಬಂದಿದ್ದ ಮುದುಕನೂ ಈಗ ಬೇಡ, ಹೊತ್ತು ಸರಿಯಿಲ್ಲ ಎಂದು ಗೊಣಗಿದ. ಮಂಚದವನು ರೀಲಿನ ಮಾತು ಬಿಟ್ಟು ಆ ಮುದುಕನನ್ನು ಹೊರಗೆ ಕರೆದುಕೊಂಡು ಹೋಗಿ ಕಟ್ಟೆಯ ಮೇಲೆ ಮಾತಿಗೆ ಕೂತ. ನಾನು ಹೋದಮೇಲೆ ಮುಂದುವರಿಸುವುದು ಎಂದು ಅವರ ಲೆಕ್ಕ. ಮುದುಕಿಯೂ ಅದನ್ನೇ ಹೇಳಿದಳು: ನೀವು ಹೋಗ್ತೀರಿ, ನಾವು ಇಲ್ಲೇ ಇರತೀವಿ.

ಆಗ ಹುಡುಗಿಯ ತಾಯಿ ಎಲ್ಲರಿಗೂ ಕೇಳುವಂತೆ, ಬಂದದ್ದು ಬಂದರು, ಹಿತ್ತಲ ಹೊಲದಲ್ಲಿ ನಿಲ್ಲಿಸಿ ಒಂದು ಹೊಡೆಯಲಿ, ಮಾಗಳದ ಮದುವೆಯಲ್ಲಿ ಹೊಡೆದಿದ್ದರಂತಲ್ಲ, ಹಾಗೆ ಎಂದಳು. ಮಗಳ ಕೈ ಹಿಡಿದು ಹಿತ್ತಲ ಬಾಗಿಲಿಂದ ಹೊರಟೇಬಿಟ್ಟಳು. ನಾನು ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಹಿಂದೆ ಹೋದೆ. ನೆರಳಿಗೆ ಅಂತ ನಾನು ಸ್ಕೂಟರ್ ನಿಲ್ಲಿಸಿದ್ದು ಅದೇ ಹಿತ್ತಲ ಬೇವಿನ ಮರದ ಕೆಳಗೆ. ಅವಳು ಜೋಳದ ಕಡೆ ತಿರುಗಲಿಲ್ಲ, ನೇರ ಬೇವಿನ ಮರಕ್ಕೆ ನಡೆದಳು.

"ಕೊಟ್ಟೂರಾಗ ಬಸ್ ಸ್ಟ್ಯಾಂಡ್ ಹಿಂದ ನನ್ನ ತಂಗಿ ಅದಾಳ್ರಿ, ಟೇಲರ್ ಮನಿ ಅಂದ್ರ ತೋರಸ್ತಾರ. ಇಕಿನ್ನ ಅಲ್ಲಿ ಮುಟ್ಟಸ್ರಿ."

ನೀನೂ ಹತ್ತು ಎಂದೆ. ತಾನು ಬಂದರೆ ಈಗಲೇ ಬೆನ್ನು ಹತ್ತುತ್ತಾರೆ, ಒಳಗೆ ಹೋಗಿ ಇನ್ನೂ ಫೋಟೋ ನಡೆದಿದೆ ಎಂದು ಹೇಳುತ್ತಿರುತ್ತೇನೆ ಎಂದಳು. ಹೆಣ್ಣುಮಗುವನ್ನು ಎತ್ತಿಕೊಂಡು ಹೋದ ಎಂದು ನನ್ನ ಮೇಲೇ ಬಂದರೆ? ನನಗೂ ಹೆಂಡತಿ ಮಕ್ಕಳಿದ್ದಾರಲ್ಲ? ಇಷ್ಟು ಜನ ಇರುವಾಗ ಫೋಟೋದವನನ್ನೇ ಯಾಕೆ ಹುಡುಕಿಕೊಂಡು ಬಂದೆ ಎಂದು ರೇಗಿದೆ.

"ನನಗ ಮುತ್ತು ಕಟ್ಟಿದ ದಿನಾ ಒಂದು ಫೋಟೋ ಇದ್ದಿದ್ರ, ಯಾರ್ಯಾರು ಕುಂತಿದ್ರು ಅಂತ ಯಾರಿಗರ ತೋರಸ್ತಿದ್ನಿರಿ," ಎಂದಳು.

ಮಗಳ ಹಣೆಯ ಬಾಸಿಂಗ ಬಿಚ್ಚಿ ಎಸೆದು, ಕಿವಿಯಲ್ಲಿ ಏನೋ ಹೇಳಿ, ಹಿಂದಿನ ಸೀಟಿಗೆ ಕೂರಿಸಿದಳು. ಆಮೇಲೆ ತಿರುಗಿ ನೋಡದೆ ಮನೆಯೊಳಗೆ ಹೋದಳು. ಆ ದಿನ ಅವಳ ಕೈ ಮುರಿದರು ಎಂಬುದು ನನಗೆ ತಿಳಿದದ್ದು ಬಹಳ ದಿನಗಳಾದ ಮೇಲೆ, ಅವಳೂ ತಪ್ಪಿಸಿಕೊಂಡು ತಂಗಿಯ ಮನೆ ಸೇರಿದ ಮೇಲೆ.

ಹೊಲದ ಅಂಚಿನವರೆಗೆ ಸ್ಕೂಟರ್ ತಳ್ಳಿಕೊಂಡು ಹೋಗಿ ಶುರು ಮಾಡಿದರೂ, ಹಳ್ಳಿ ದಾಟುವವರೆಗೆ ಎಂಜಿನ್ ಸದ್ದಿಗೇ ಯಾರಾದರೂ ಬಂದಾರು ಎಂದು ಪ್ರಾಣ ಬಾಯಿಗೆ ಬಂದಿತ್ತು. ಉಚ್ಚಂಗಿದುರ್ಗದ ಗುಡ್ಡ ಬೆನ್ನ ಹಿಂದೆ ಸಣ್ಣದಾಗುತ್ತ ಹೋಯಿತು. ಹಿಂದೆ ಒಂದು ಜೀಪು ಕಂಡರೂ ಅದೇ ಬಿಳಿ ಅಂಗಿ ಇರಬೇಕು ಅನ್ನಿಸುತ್ತಿತ್ತು. ಹುಡುಗಿ ನನ್ನನ್ನು ಮುಟ್ಟದೆ ಸ್ಟೆಪ್ನಿಯ ಗಾಲಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಬಹಳ ದೂರ ಹೋದ ಮೇಲೆ ಮೊದಲ ಸಲ ಬಾಯಿ ಬಿಟ್ಟಳು. ನಿಮ್ಮ ಮನೆ ಎಲ್ಲಿ ಎಂದು ಕೇಳಿದಳು. ಮಾತಾಡಿದಳಲ್ಲ ಎಂದು ನನಗೆ ಖುಷಿ. ಹರಪನಹಳ್ಳಿ ಎಂದೆ. ಮನೆಯಲ್ಲಿ ಯಾರ್ಯಾರು ಇದ್ದಾರೆ ಎಂದಳು. ಹೆಂಡತಿ ಇದ್ದಾಳೆ, ನಿನ್ನಷ್ಟೇ ಒಬ್ಬ ಮಗಳಿದ್ದಾಳೆ ಎಂದು ಉತ್ಸಾಹದಿಂದ ಹೇಳಿದೆ. ಹುಡುಗಿ ಬೆನ್ನ ಹಿಂದಿನಿಂದಲೇ ಕೇಳಿದಳು.

"ಅವ್ರೆಲ್ಲಾ ಇದ್ರ ನಾ ಎಲ್ಲಿ ಇರಬೇಕ್ರಿ?"

ನನಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ಸ್ಕೂಟರ್ ರಸ್ತೆ ಬಿಟ್ಟು ಮಣ್ಣಿಗೆ ಇಳಿದಿತ್ತು. ನಿಲ್ಲಿಸಿ ಇಳಿದು ಅವಳೆದುರು ನಿಂತು, ತಾಯೀ, ನಿನ್ನನ್ನು ನನಗೆ ಕೊಟ್ಟಿಲ್ಲ, ನಾನು ಬರೀ ಫೋಟೋ ಹೊಡೆಯುವವನು, ನಿನ್ನನ್ನು ಚಿಕ್ಕಮ್ಮನ ಮನೆಗೆ ಬಿಟ್ಟು ಹೋಗುವವನು ಎಂದು ಬಿಡಿಸಿ ಬಿಡಿಸಿ ಹೇಳಿದೆ. ಅಮ್ಮ ಕಿವಿಯಲ್ಲಿ ಏನು ಹೇಳಿದಳು ಎಂದು ಕೇಳಿದೆ. ಇವರ ಸಂಗಡ ಹೋಗು, ಇವರು ಹೇಳಿದಂತೆ ಕೇಳು ಎಂದಿದ್ದಳಂತೆ. ನಾನು ಹೇಳಿದ್ದಕ್ಕೆಲ್ಲ ಹುಡುಗಿ ತಲೆಯಾಡಿಸಿದಳು. ಬೈಸಿಕೊಳ್ಳುವ ಮಕ್ಕಳು ದೊಡ್ಡವರೆದುರು ತಲೆಯಾಡಿಸುತ್ತಾರಲ್ಲ, ಹಾಗೆ. ನನಗೆ ಅಲ್ಲೇ ಕೂತು ಅತ್ತುಬಿಡಬೇಕು ಅನ್ನಿಸಿತು.

ಕೊಟ್ಟೂರಿನಲ್ಲಿ ಟೇಲರ್ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಚಿಕ್ಕಮ್ಮ ಹೊಲಿಗೆ ಬಿಟ್ಟು ಓಡಿ ಬಂದಳು, ಹಸಿರು ಸೀರೆ ನೋಡಿದ್ದೇ ಎಲ್ಲ ತಿಳಿದುಕೊಂಡು ಎರಡೂ ಕೈ ಚಾಚಿದಳು. ಹುಡುಗಿಯ ಕಣ್ಣು ತುಂಬಿಬಂತು, ಆದರೆ ಸೀಟು ಬಿಟ್ಟು ಏಳಲಿಲ್ಲ. ನನ್ನ ಕಡೆ ತಿರುಗಿ, ಇಳಿಯಲೇ ಎಂದು ಕೇಳಿದಳು.