ಮೂರು ಸರ್ಕಾರ ಕಂಡ ಕಾರಕೂನ

ನಮ್ಮ ಊರಿನ ಮುನಸಿಪಾಲ್ಟಿಯಲ್ಲಿ ಮನೆ ಕಟ್ಟುವ ಪರವಾನಗಿ ಒಬ್ಬ ಕಾರಕೂನರ ಕೈಯಲ್ಲಿತ್ತು. ‘ಕಾರಕೂನರು’ ಎಂದು ರೂಢಿಯಿಂದ ಬರೆಯುತ್ತಿದ್ದೇನೆ, ಗೌರವದಿಂದಲ್ಲ. ಸಂಸ್ಥಾನದ ಕಾಲದಲ್ಲಿ ಅವರ ತಲೆಯ ಮೇಲೆ ಜರಿಯಂಚಿನ ರುಮಾಲಿತ್ತು. ಸಂಸ್ಥಾನ ಹೋಗಿ ಮುಂಬಯಿ ಸರ್ಕಾರ ಬಂದ ವಾರದಲ್ಲೇ ಅದು ಬಿಳಿ ಟೊಪ್ಪಿಗೆಯಾಯಿತು. ಅದರ ಕೆಳಗಿನ ತಲೆ ಮಾತ್ರ ಅದೇ ಇತ್ತು.

ನಾನಾಗ ಮುಂಡರಗಿಯಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರ. ಅವ್ವ ಊರಲ್ಲಿ, ಎರಡು ಅಂಕಣದ ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದಳು. ಸಂಸ್ಥಾನದವರಿಂದ ಅಪ್ಪ ಶಿಗ್ಲಿಯ ದಾರಿಗೆ ಒಂದು ಜಾಗ ಪಡೆದಿದ್ದ. ಕಟ್ಟುವ ಮೊದಲೇ ತೀರಿಕೊಂಡ. ಅವ್ವ ವರ್ಷಗಟ್ಟಲೆ ಕೂಡಿಸಿ ಆ ಜಾಗದಲ್ಲಿ ಕಲ್ಲು ಹಾಕಿಸಿದ್ದಳು, ಬೇವಿನ ತೊಲೆಗಳನ್ನು ಒಟ್ಟಿಸಿದ್ದಳು. ಉಳಿದದ್ದು ಪರವಾನಗಿ ಒಂದೇ.

ಗದಗಿಗೆ ಹೋಗಿ ನಕಾಶೆ ಬರೆಸಿಕೊಂಡು ಬಂದೆ. ನನ್ನ ಅರ್ಜಿಯನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ. ಎರಡು ಸಾಲಿನ ವಿಷಯಕ್ಕೆ ಅರ್ಧ ಪುಟ ನಮಸ್ಕಾರಗಳನ್ನೇ ಬರೆದಿದ್ದೆ. ಕಾರಕೂನರು ಅದನ್ನು ಪಕ್ಕಕ್ಕಿಟ್ಟು, ಅಪ್ಪನಿಗೆ ಸಂಸ್ಥಾನದವರು ಕೊಟ್ಟಿದ್ದ ಜಾಗದ ಕಾಗದ ಕೇಳಿದರು. ಅದು ಮರಾಠಿಯ ಮೋಡಿ ಬರಹದಲ್ಲಿತ್ತು. ಕಾಗದವನ್ನು ಕಣ್ಣಿಗೆ ಹತ್ತಿರ ಹಿಡಿದರು, ದೂರ ಹಿಡಿದರು.

“ಮಾಸ್ತರ, ಈ ಮೋಡಿ ನನಗ ಓದಾಕ ಬರಂಗಿಲ್ರಿ. ಯಾರಕಡೆನರ ಓದಿಸಿ, ಕನ್ನಡದಾಗ ಬರಸ್ಕೊಂಡು ಬರ್ರಿ.”

ಮುಂಡರಗಿಯಲ್ಲಿ ಸರ್ಕಾರಿ ನೌಕರಿಯಿಂದ ನಿವೃತ್ತರಾದ ಮುದುಕರೊಬ್ಬರು ಒಂದೇ ಮಧ್ಯಾಹ್ನದಲ್ಲಿ ಓದಿ ಕನ್ನಡಕ್ಕೆ ಬರೆದುಕೊಟ್ಟರು. ಕಾರಕೂನರು ಅದನ್ನು ಬೆರಳ ತುದಿಯಿಂದ ನನ್ನತ್ತ ಸರಿಸಿದರು. “ಅವ್ರು ರಿಟೈರ್ ಆದವ್ರು. ಅವ್ರ ಸಹಿ ನಡಿಯಂಗಿಲ್ಲ.” ಯಾರ ಸಹಿ ನಡೆಯುತ್ತದೆ ಎಂದು ಕೇಳಿದರೆ, “ಸಾಹೇಬರನ್ನ ಕೇಳಿ ಹೇಳ್ತೀನಿ” ಎಂದರು. ಹೀಗೆ ಎರಡು ಮಳೆಗಾಲ ಕೇಳುತ್ತಲೇ ಇದ್ದರು. ನಮ್ಮ ತೊಲೆಗಳಿಗೆ ಗೆದ್ದಲು ಹತ್ತಿತು.

ಅದೇ ಹೊತ್ತಿಗೆ ಅವರ ಅಳಿಯ ತಿಂಗಳಿಗೊಮ್ಮೆ ಅವ್ವನ ಬಾಗಿಲಿಗೆ ಬರತೊಡಗಿದ. “ಯವ್ವಾ, ಹೆಣ್ಮಗಳು ನೀ ಎಲ್ಲಿ ಕಟ್ಟಸ್ತಿ? ಆ ಜಾಗಾ ನನಗ ಕೊಟ್ಟುಬಿಡು” ಎನ್ನುತ್ತಿದ್ದ. ಮಾವ ಒಳಗಿನಿಂದ ತಡೆಯುವುದು, ಅಳಿಯ ಹೊರಗಿನಿಂದ ಕೇಳುವುದು. ಇಷ್ಟು ಸಣ್ಣ ಕಳ್ಳತನವನ್ನೂ ಅವರಿಗೆ ಮುಚ್ಚಿ ಮಾಡಲು ಬರುತ್ತಿರಲಿಲ್ಲ.

ಇನ್ನೊಂದು ಸಂಗತಿ ನನಗೆ ಆಗಲೇ ಗೊತ್ತಿತ್ತು. ಮೋಡಿ ಕಾಗದದ ಕೆಳಗೆ, ಅದನ್ನು ಬರೆದವರ ಸಹಿಯಿತ್ತು. ಆ ಸಹಿಯ ಬಾಲ ಚೇಳಿನ ಕೊಂಡಿಯ ಹಾಗೆ ಮೇಲಕ್ಕೆ ತಿರುಗಿತ್ತು. ನನ್ನ ಅರ್ಜಿ ಮುಟ್ಟಿದ್ದಕ್ಕೆ ಕಾರಕೂನರು ಹಾಕಿಕೊಟ್ಟ ಸಹಿಗೂ ಅದೇ ಕೊಂಡಿ. ತಾವೇ ಬರೆದ ಕಾಗದವನ್ನು ಓದಲು ಬಾರದೆಂದು ಆ ಮನುಷ್ಯ ನನ್ನ ಮುಖಕ್ಕೇ ಹೇಳುತ್ತಿದ್ದರು. ನಾನು “ಆತ್ರಿ” ಎಂದು ಎದ್ದು ಬರುತ್ತಿದ್ದೆ. ಬಾಯಿ ಬಿಟ್ಟರೆ ಅರ್ಜಿಯೇ ಕಳೆದುಹೋದೀತೆಂಬ ಭಯ. ಅವರಿಗಿಂತ ನಾನೇನು ದೊಡ್ಡವನಾಗಿರಲಿಲ್ಲ.

ಸಾಹೇಬರ ಅಪ್ಪಣೆ ಬರಬೇಕೆಂದಷ್ಟೇ ಅವ್ವನಿಗೆ ಹೇಳುತ್ತ ಬಂದಿದ್ದೆ. ಒಂದು ರವಿವಾರ ತಡೆಯಲಾರದೆ ಮೋಡಿಯ ನೆಪವನ್ನೂ ಸಹಿಯ ಸಂಗತಿಯನ್ನೂ ಹೇಳಿದೆ.

“ಇದನ್ನ ಎಂದು ನೋಡಿದಿ?” ಎಂದಳು.

“ಹೋದ ವರ್ಷ.”

ಅವ್ವ ಬೈಯಲಿಲ್ಲ. ನನ್ನನ್ನು ಮೇಲಿಂದ ಕೆಳಗೆ ಒಂದು ಸಲ ನೋಡಿ, ರೊಟ್ಟಿ ಬಡಿಯುವುದನ್ನು ಮುಂದುವರಿಸಿದಳು.

ಕೆಲವೇ ದಿನಗಳಲ್ಲಿ ಕನ್ನಡ ನಾಡು ಒಂದಾಯಿತು. ನಾವು ಮುಂಬಯಿ ಬಿಟ್ಟು ಮೈಸೂರಿಗೆ ಸೇರಿದೆವು. ಮುನಸಿಪಾಲ್ಟಿಯ ಅಂಗಳದಲ್ಲಿ ಬಾಳೆಕಂಬ ನಿಲ್ಲಿಸಿ ಪೇಢೆ ಹಂಚಿದರು. ಕಾರಕೂನರು ಆ ದಿನ ಟೊಪ್ಪಿಗೆಯನ್ನೂ ಬಿಟ್ಟು, ಎಣ್ಣೆ ಹಚ್ಚಿ ಬಾಚಿದ ತಲೆಯಲ್ಲಿ ನಿಂತು ಭಾಷಣ ಮಾಡಿದರು. ತಮ್ಮ ನರನಾಡಿಯಲ್ಲೆಲ್ಲ ಕನ್ನಡವೇ ಹರಿಯುತ್ತಿದೆ ಎಂದು ಅವರು ಹೇಳುವಾಗ ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ಅವರು ಕೂತ ಮೇಲೆ ಹೆಂಗಸರ ಗುಂಪಿನಿಂದ ಅವ್ವ ಎದ್ದಳು. ನೆಟ್ಟಗೆ ಮುನಸಿಪಾಲ್ಟಿಯ ಅಧ್ಯಕ್ಷರ ಮುಂದೆ ಹೋಗಿ ನಿಂತಳು. ಅವರು ಅರಳೆ ವ್ಯಾಪಾರಿ, ಹಳೆಯ ಕಾಲದವರು. ಅವ್ವ ಸೆರಗಿನೊಳಗಿಂದ ಕಾಗದ ತೆಗೆದು ಚಾಚಿದಳು.

“ಅಧ್ಯಕ್ಷರ, ಈ ಕಾಗದ ಓದವ್ರು ಕಚೇರ್ಯಾಗ ಯಾರೂ ಇಲ್ಲಂತ. ಬರದವ್ರು ಮಾತ್ರ ಇಲ್ಲೇ ಕುಂತಾರ.”

ಕಾರಕೂನರು ಅರ್ಧ ಎದ್ದರು. “ಯವ್ವಾ, ಅದು ಯಾರದೋ ಕೈ ಇರಬೇಕು. ಇವತ್ತು ಹಬ್ಬ, ನಾಳೆ ಬಾ.”

“ಯಾರದೋ ಅಲ್ರಿ. ನೀವು ಬರಿಯೂಮುಂದ ನನ್ನ ಗಂಡ ನಿಮ್ಮ ಎದುರಿಗೆ ನಿಂತಿದ್ರು, ನಾ ಬಾಗಲದಾಗ ನಿಂತಿದ್ದೆ. ಮೂರು ಸಲ ಸೀನಿದ್ರಿ. ಅಪಶಕುನ ಆತಂತ ನಾ ಮನಿಗೆ ಬಂದು ಅತ್ತೀನಿ.”

ಅಧ್ಯಕ್ಷರು ಕನ್ನಡಕ ಏರಿಸಿದರು. ಹಳೆಯ ವ್ಯಾಪಾರಿಗೆ ಮೋಡಿ ನೀರು ಕುಡಿದಷ್ಟು ಸಲೀಸು. ಅಪ್ಪನ ಹೆಸರು, ಜಾಗದ ಉದ್ದ, ಅಗಲ ಎಲ್ಲವನ್ನೂ ಗಟ್ಟಿಯಾಗಿ ಓದಿ, ಕೊನೆಗೆ ಬರೆದವರ ಹೆಸರನ್ನೂ ಓದಿದರು. ಅಂಗಳವೆಲ್ಲ ನಕ್ಕಿತು.

“ಏನ್ರಿ ಇದು?” ಎಂದರು ಅಧ್ಯಕ್ಷರು.

ಬೇರೆ ಯಾರಾದರೂ ತಲೆ ತಗ್ಗಿಸುತ್ತಿದ್ದರು. ಇವರು ಕೈಯಲ್ಲಿದ್ದ ಪೇಢೆಯನ್ನು ನಿಧಾನಕ್ಕೆ ಬಾಯಿಗೆ ಹಾಕಿಕೊಂಡು ನುಂಗಿ, “ಹೌದ್ರಿ, ಅಕ್ಷರ ನಂದ. ಆದ್ರ ಬರಿಯೂದು ಬ್ಯಾರೆ, ಓದೂದು ಬ್ಯಾರೆ” ಎಂದರು.

ಎಂಟು ದಿನದೊಳಗೆ ಪರವಾನಗಿ ಕೊಡಬೇಕೆಂದು ಅಧ್ಯಕ್ಷರು ಅಲ್ಲೇ ಅಪ್ಪಣೆ ಮಾಡಿದರು. ಅದು ಒಂಬತ್ತನೆಯ ದಿನ ಕೈಗೆ ಬಂತು. ‘ವಾಸದ ಮನೆ’ ಎನ್ನುವಲ್ಲಿ ‘ವಾಸನೆಯ ಮನೆ’ ಎಂದಿತ್ತು. ನರನಾಡಿಯ ಕನ್ನಡ ಅಷ್ಟರಮಟ್ಟಿನದು. ತಿದ್ದಿಸಿಕೊಂಡು ಬರುತ್ತೇನೆಂದು ನಾನು ಹೊರಟರೆ ಅವ್ವ ತಡೆದಳು. “ಸುಮ್ನಿರಲೇ ತಮ್ಮಾ. ತಿದ್ದಾಕ ಕೊಟ್ರ ಮತ್ತೆರಡು ವರ್ಷ ಇಟ್ಕೋತಾರ.”

ಗೆದ್ದಲು ತಿಂದ ತೊಲೆಗಳನ್ನು ಒಲೆಗೆ ಹಾಕಿ, ಉಳಿದವುಗಳಲ್ಲೇ ಮೂರು ಅಂಕಣದ ಮನೆ ಎದ್ದಿತು. ನಾಲ್ಕು ಅಂಕಣ ಆಗಬೇಕಿತ್ತು. ಒಕ್ಕಲಾದ ದಿನ ಕಾರಕೂನರು ಕರೆಯದೆಯೇ ಬಂದರು, ಅಳಿಯನನ್ನೂ ಕರೆತಂದರು. ಪಂಕ್ತಿಯ ಮೊದಲ ಎಲೆಗೆ ಕೂತು, ಪಕ್ಕದವರಿಗೆ, “ಈ ಮನಿ ನಿಂತದ್ದು ನನ್ನ ಕೈಯಿಂದ ನೋಡ್ರಿ. ಇವ್ರು ತಿರಗ್ಯಾಡಿದ್ದನ್ನ ನೋಡಾಕ ಆಗಲಿಲ್ಲ ನನಗ” ಎನ್ನುತ್ತಿದ್ದರು.

ನಾನು ಹೋಳಿಗೆಯ ಬುಟ್ಟಿ ಹಿಡಿದು ಅವರ ಎಲೆಯ ಮುಂದೆಯೇ ನಿಂತಿದ್ದೆ. ಈ ಸಲವಾದರೂ ಏನಾದರೂ ಅನ್ನಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವ್ವ ತುಪ್ಪದ ಗಿಂಡಿ ಹಿಡಿದು ಬಂದು, ಅವರ ಎಲೆಗೆ ಧಾರಾಳವಾಗಿ ಸುರಿದಳು.

“ಉಣ್ರಿ ರಾಯರ, ಮೊದಲ ಉಣ್ರಿ” ಎಂದಳು. “ಮಾತಾಡ್ಕೋತ ಉಂಡ್ರ ಗಂಟಲದಾಗ ಸಿಕ್ಕೊಂತೈತಿ.”

ಅವರು ಮತ್ತೆರಡು ಹೋಳಿಗೆ ಹಾಕಿಸಿಕೊಂಡರು.