ಹೆಳವಜ್ಜ ಹೇಳಿದ ಹೆಸರು

ಸುಗ್ಗಿ ಮುಗಿದ ಮೇಲೆ ಮನೆಮನೆಯ ವಂಶಾವಳಿ ಬಲ್ಲ ಹೆಳವಜ್ಜ ನಮ್ಮ ಹಿರಿಯರ ಹೆಸರು ಹೇಳಲು ಬರುತ್ತಿದ್ದ. ಗಂಟೆ ಕೆಳಗಿಟ್ಟು, ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು, “ಇದ್ದದ್ದ ಹೇಳ್ತೇನ್ರಿ ತಾಯಿ, ಕೂಡ್ಸೂದಿಲ್ಲ, ಕಳ್ಯೂದಿಲ್ಲ” ಎಂದೇ ಶುರು ಮಾಡುತ್ತಿದ್ದ.

ಆ ವರ್ಷ ದೇವರು ಕೊಟ್ಟ ದತ್ತುಮಗಳು ನನ್ನ ತೊಡೆಯ ಮೇಲಿದ್ದಳು. “ಈಕಿ ಹೆಸರೂ ಸೇರಸ್ರಿ ಅಜ್ಜಾ” ಅಂತ ಅವಳ ಹೆಸರು ಹೇಳಿದೆ.

“ಹೊರಗಿನ ಕೂಸು, ನಮ್ಮ ವಂಶದಾಗ ಹೆಂಗ ಸೇರತೈತಿ?” ಎಂದರು ನಮ್ಮ ಯಜಮಾನರ ದೊಡ್ಡಪ್ಪ.

ನಾನು ಮಗಳನ್ನು ತಬ್ಬಿಕೊಂಡೆ. ಅಜ್ಜ ಏನೂ ಕೂಡಿಸುವವನಲ್ಲವಲ್ಲ!

ಆತ ಕಣ್ಣು ಮುಚ್ಚಿ ದೊಡ್ಡಪ್ಪನವರಿಗೆ ಹೇಳಿದ: “ಕುರ್ತಕೋಟ್ಯಾಗ ಗಂಡ ಹೆಂಡ್ತಿ ಇದ್ರು, ಮಕ್ಕಳಿರಲಿಲ್ಲ. ದೊಡ್ಡ ಬರದಾಗ ಹರ್ತಿ ಊರಿನ ದಾರ್ಯಾಗ ಅಳೂ ಕೂಸನ್ನ ಆಕಿ ಸೆರಗಿನ್ಯಾಗ ಸುತ್ಕೊಂಡು ತಂದ್ಳು. ‘ಯಾರದ ಇದು?’ ಅಂದ ಗಂಡ. ‘ಅದನ್ನ ಆಮ್ಯಾಲ ಕೇಳ್ರಿ, ಮೊದ್ಲ ಹಾಲು ಹುಡುಕ್ರಿ’ ಅಂದ್ಳು. ಆಮ್ಯಾಲ ಆತ ಕೇಳಲೇ ಇಲ್ಲ. ಆ ಕೂಸ ನಿಮ್ಮ ಮುತ್ತಜ್ಜ.”

“ಇಷ್ಟು ವರ್ಷ ಯಾಕ ಹೇಳಲಿಲ್ಲೋ?” ಎಂದರು ದೊಡ್ಡಪ್ಪ.

“ನೀವು ಹೆಸರಷ್ಟ ಕೇಳಿದ್ರಿ, ಹೇಳಿದೆ. ಹೊರಗಿನ ಕೂಸು ವಂಶದಾಗ ಹೆಂಗ ಸೇರತೈತಿ ಅಂತ ಇವತ್ತ ಕೇಳಿದ್ರಿ.”

ಅಜ್ಜ ಆ ಗಂಡ ಹೆಂಡತಿಯಿಂದ ಹಿಡಿದು ಒಂದೊಂದೇ ಹೆಸರು ಹೇಳುತ್ತ ಬಂದು, ಕೊನೆಗೆ ಅದೇ ದನಿಯಲ್ಲಿ ನನ್ನ ಮಗಳ ಹೆಸರು ಹೇಳಿ ಗಂಟೆ ಬಾರಿಸಿದ.

ದೊಡ್ಡಪ್ಪ ಎದ್ದು ಒಳಗೆ ಹೋದರು. ಮೊರದ ತುಂಬ ಜೋಳ ತಂದು, ಕೂಸಿನ ಕೈ ಮುಟ್ಟಿಸಿ, ಅಜ್ಜನ ಜೋಳಿಗೆಗೆ ಸುರಿದರು.